ನಲವತ್ತು ದಾಟಿದ ಮೇಲೆ ಪತ್ರಿಕೆ ದೂರ ಸರಿಯುವುದೇಕೆ?

ಈ ಅಂಕಣವನ್ನು ಓದುತ್ತಿರುವ ನೀವು ಒಂದು ಕ್ಷಣ ಹಾಗೆಯೇ ನಿಲ್ಲಿ. ಪತ್ರಿಕೆ ನಿಮ್ಮ ಕಣ್ಣಿನಿಂದ ಎಷ್ಟು ದೂರದಲ್ಲಿದೆ? ಸುಮಾರು ಒಂದೂವರೆ ಗೇಣಿನಷ್ಟು ದೂರದಲ್ಲಿದ್ದರೆ ಸರಿ. ಹಾಗಲ್ಲದೆ ಕೈ ಪೂರ್ತಿ ಚಾಚಿ, ಕತ್ತು ಹಿಂದಕ್ಕೆ ವಾಲಿಸಿ, ಟ್ಯೂಬ್‌ಲೈಟಿನ ಕೆಳಗೆ ಕುರ್ಚಿ ಎಳೆದುಕೊಂಡು ಓದುತ್ತಿದ್ದೀರಾದರೆ ಈ ವಾರದ ಮಾತು ನಿಮಗಾಗಿಯೇ.

ನನ್ನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಕಳೆದ ವರ್ಷ ಒಂದು ರಾತ್ರಿ ಜ್ವರದ ಮಗುವೊಂದನ್ನು ನನ್ನ ಕ್ಲಿನಿಕ್‌ಗೆ ಎತ್ತಿಕೊಂಡು ಬಂದರು. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಸಿರಪ್ಪನ್ನು ತಾಯಿ ಜೊತೆಯಲ್ಲೇ ತಂದಿದ್ದರು. ಎಷ್ಟು ಕೊಡಬೇಕೆಂದು ಹೇಳಲು ಬಾಟಲಿಯ ಚೀಟಿಯನ್ನು ನೋಡಿದೆ. ಅಕ್ಷರಗಳು ಇರುವೆಗಳ ಸಾಲಿನಂತೆ ಕಂಡವು. 125 ಎಂದುಕೊಂಡು ಲೆಕ್ಕ ಹಾಕತೊಡಗಿದೆ. ಪಕ್ಕದಲ್ಲಿದ್ದ ಕಾಂಪೌಂಡರ್ ಹುಡುಗ, 'ಸಾರ್, ಅದು 250' ಎಂದ. 5 ಮಿಲಿ ಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಮಿಲಿಗ್ರಾಂ ಇರುವುದೂ ಇದೆ. ಹುಡುಗ ಪಕ್ಕದಲ್ಲಿ ಇಲ್ಲದಿದ್ದರೆ ಆ ಮಗುವಿಗೆ ಪ್ರತಿ ಸಲವೂ ಎರಡು ಪಟ್ಟು ಔಷಧಿ ಹೋಗುತ್ತಿತ್ತು. ಮರುದಿನವೇ ನೇತ್ರತಜ್ಞರಾದ ಸ್ನೇಹಿತರ ಬಳಿಗೆ ಹೋದೆ. ಅವರು ನಗುತ್ತಾ, 'ಏನಿಲ್ಲ, ಚಾಳೀಸು ಬಂದಿದೆ' ಎಂದು ಪ್ಲಸ್ 1.25ರ ಕನ್ನಡಕ ಬರೆದುಕೊಟ್ಟರು.

ಚಾಳೀಸು ಎಂದರೆ ನಲವತ್ತು. ವಯಸ್ಸಿನ ಹೆಸರೇ ಈ ತೊಂದರೆಗೂ ಅದಕ್ಕೆ ಹಾಕುವ ಕನ್ನಡಕಕ್ಕೂ ನಮ್ಮಲ್ಲಿ ನಿಂತುಬಿಟ್ಟಿದೆ. ಆದರೆ ನಲವತ್ತಕ್ಕೂ ಕಣ್ಣಿಗೂ ಏನು ಸಂಬಂಧ? ಒಂದು ಗಾಜಿನ ತುಂಡು ಅದನ್ನು ಹೇಗೆ ಸರಿಪಡಿಸುತ್ತದೆ? ಇದನ್ನು ತಿಳಿದುಕೊಂಡರೆ ಕಣ್ಣಿನ ಪೊರೆ, ಮಕ್ಕಳ ಮಾಲುಗಣ್ಣು, ಸಕ್ಕರೆ ಕಾಯಿಲೆಯಲ್ಲಿ ಕನ್ನಡಕದ ನಂಬರ್ ಏರುಪೇರಾಗುವುದು ಇವೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ.

ಬೆಳಕು ಬಾಗುವುದು ಹೇಗೆ?

ಅಡುಗೆಮನೆಯಿಂದ ಒಂದು ಬಟ್ಟಲು ತನ್ನಿ. ಅದರ ತಳದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ನಾಣ್ಯ ಬಟ್ಟಲಿನ ಅಂಚಿನ ಹಿಂದೆ ಮರೆಯಾಗುವವರೆಗೆ ನೀವು ಹಿಂದಕ್ಕೆ ಸರಿದು ನಿಲ್ಲಿ. ಈಗ ಮಕ್ಕಳಿಂದ ನಿಧಾನವಾಗಿ ನೀರು ಹಾಕಿಸಿ. ನೀವು ಕದಲದಿದ್ದರೂ ಮರೆಯಾಗಿದ್ದ ನಾಣ್ಯ ಮತ್ತೆ ಕಾಣಿಸುತ್ತದೆ. ನಾಣ್ಯ ಎದ್ದು ಬಂದಿಲ್ಲ. ಅದರಿಂದ ಹೊರಟ ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗಿ ನಿಮ್ಮ ಕಣ್ಣನ್ನು ಸೇರಿದೆ. ಇದನ್ನೇ ವಕ್ರೀಭವನ ಎನ್ನುತ್ತಾರೆ.

ಬೆಳಕು ಬಾಗಲು ಕಾರಣ ಅದರ ವೇಗ. ನಿರ್ವಾತದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಗಾಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ನೀರಿನಲ್ಲಿ ಅದು ಸುಮಾರು 2 ಲಕ್ಷ 25 ಸಾವಿರಕ್ಕೆ ಇಳಿಯುತ್ತದೆ, ಸಾಮಾನ್ಯ ಗಾಜಿನಲ್ಲಿ 2 ಲಕ್ಷಕ್ಕೆ. ಎತ್ತಿನ ಗಾಡಿಯೊಂದು ಗಟ್ಟಿ ರಸ್ತೆಯಿಂದ ಕೆಸರು ಗದ್ದೆಗೆ ಓರೆಯಾಗಿ ಇಳಿಯುವುದನ್ನು ನೆನಪಿಸಿಕೊಳ್ಳಿ. ಮೊದಲು ಕೆಸರಿಗೆ ಇಳಿದ ಚಕ್ರ ನಿಧಾನವಾಗುತ್ತದೆ, ಇನ್ನೊಂದು ಇನ್ನೂ ವೇಗವಾಗಿಯೇ ಉರುಳುತ್ತಿರುತ್ತದೆ. ಆಗ ಗಾಡಿ ತನ್ನಷ್ಟಕ್ಕೆ ತಿರುಗುತ್ತದೆ. ನೇರವಾಗಿ ಇಳಿದರೆ ಎರಡೂ ಚಕ್ರ ಒಟ್ಟಿಗೆ ನಿಧಾನವಾಗುತ್ತವೆ, ಗಾಡಿ ತಿರುಗುವುದಿಲ್ಲ. ಬೆಳಕಿನ ಕಥೆಯೂ ಇಷ್ಟೇ. ಓರೆಯಾಗಿ ಬಿದ್ದರೆ ಬಾಗುತ್ತದೆ, ನೇರವಾಗಿ ಬಿದ್ದರೆ ಬಾಗದೆ ಸಾಗುತ್ತದೆ.

ನಡುವೆ ದಪ್ಪವಾಗಿ ಅಂಚಿನಲ್ಲಿ ತೆಳ್ಳಗಿರುವ ಗಾಜನ್ನು ಪೀನ ಮಸೂರ ಎನ್ನುತ್ತೇವೆ. ಮಕ್ಕಳ ಕೈಯ ಭೂತಗನ್ನಡಿ ಇದೇ. ಇದರ ಮೈ ಉಬ್ಬಿರುವುದರಿಂದ ಮೇಲಿನ ಭಾಗಕ್ಕೆ ಬಿದ್ದ ಕಿರಣ ಕೆಳಕ್ಕೆ ಬಾಗುತ್ತದೆ, ಕೆಳಗಿನ ಭಾಗಕ್ಕೆ ಬಿದ್ದದ್ದು ಮೇಲಕ್ಕೆ ಬಾಗುತ್ತದೆ, ಸರಿಯಾಗಿ ನಡುವೆ ಹೋದದ್ದು ನೇರವಾಗಿ ಸಾಗುತ್ತದೆ. ಅಂಚಿಗೆ ಹೋದಷ್ಟೂ ಓರೆ ಹೆಚ್ಚು, ಆದ್ದರಿಂದ ಬಾಗುವುದೂ ಹೆಚ್ಚು. ಹೀಗಾಗಿ ದೂರದಿಂದ ಬಂದ ಕಿರಣಗಳೆಲ್ಲ ಮಸೂರದ ಆಚೆ ಒಂದೇ ಕಡೆ ಸೇರುತ್ತವೆ. ಅದು ಸಂಗಮ ಬಿಂದು. ಮಸೂರದಿಂದ ಅಲ್ಲಿಗಿರುವ ಅಂತರ ಸಂಗಮ ದೂರ. ಮಸೂರ ಎಷ್ಟು ಉಬ್ಬಿರುತ್ತದೆಯೋ ಸಂಗಮ ದೂರ ಅಷ್ಟು ಕಡಿಮೆ, ಅದರ ಶಕ್ತಿ ಅಷ್ಟು ಹೆಚ್ಚು.

ಕನ್ನಡಕದ ಚೀಟಿಯಲ್ಲಿ ಬರೆಯುವ 'ನಂಬರ್' ಈ ಶಕ್ತಿಯ ಅಳತೆಯೇ. ಅದರ ಹೆಸರು ಡಯಾಪ್ಟರ್. ಲೆಕ್ಕ ಸುಲಭ: 100 ಸೆಂಟಿಮೀಟರನ್ನು ಸಂಗಮ ದೂರದಿಂದ ಭಾಗಿಸಿ. ಸಂಗಮ ದೂರ 100 ಸೆಂಟಿಮೀಟರ್ ಇದ್ದರೆ ಪ್ಲಸ್ 1, 50 ಇದ್ದರೆ ಪ್ಲಸ್ 2, 25 ಇದ್ದರೆ ಪ್ಲಸ್ 4. ನಡುವೆ ತೆಳ್ಳಗಿದ್ದು ಬೆಳಕನ್ನು ಹರಡುವ ನಿಮ್ನ ಮಸೂರಕ್ಕೆ ಮೈನಸ್ ಗುರುತು. ದೂರದ್ದು ಮಸುಕಾಗಿ ಕಾಣುವ ಮಕ್ಕಳಿಗೆ ಕೊಡುವುದು ಈ ಮೈನಸ್ ಕನ್ನಡಕ.

ಗೋಡೆಯ ಮೇಲೆ ತಲೆಕೆಳಗಾದ ತೆಂಗಿನಮರ

ಇನ್ನೊಂದು ಪ್ರಯೋಗ ಮಾಡೋಣ. ಮನೆಯ ಹಿರಿಯರ ಓದುವ ಕನ್ನಡಕ, ಪ್ಲಸ್ 2 ಆಸುಪಾಸಿನದು, ಸಿಕ್ಕಿದರೆ ಸಾಕು. ಹಗಲು ಹೊತ್ತಿನಲ್ಲಿ ಕೋಣೆಯ ದೀಪ ಆರಿಸಿ, ಒಂದೇ ಕಿಟಕಿ ತೆರೆದಿಡಿ. ಕಿಟಕಿಯ ಎದುರಿನ ಬಿಳಿ ಗೋಡೆಯ ಮುಂದೆ ಕನ್ನಡಕದ ಒಂದು ಗಾಜನ್ನು ಹಿಡಿದು ನಿಧಾನವಾಗಿ ಗೋಡೆಯಿಂದ ದೂರ ಸರಿಸಿ. ಅರ್ಧ ಮೀಟರಿನ ಹತ್ತಿರ ಬಂದಾಗ ಗೋಡೆಯ ಮೇಲೆ ಹೊರಗಿನ ಆಕಾಶ, ತೆಂಗಿನಮರ, ಎದುರು ಮನೆ ಎಲ್ಲವೂ ಪುಟ್ಟದಾಗಿ, ಬಣ್ಣಬಣ್ಣವಾಗಿ, ತಲೆಕೆಳಗಾಗಿ ಮೂಡುತ್ತವೆ.

ಇದು ಹೇಗಾಯಿತು? ತೆಂಗಿನ ತುದಿಯ ಒಂದೊಂದು ಚುಕ್ಕೆಯಿಂದಲೂ ಬೆಳಕು ಎಲ್ಲ ದಿಕ್ಕಿಗೂ ಹೋಗುತ್ತಿರುತ್ತದೆ. ಮಸೂರವಿಲ್ಲದಿದ್ದರೆ ಮರದ ಬೆಳಕು, ಮನೆಯ ಬೆಳಕು, ಆಕಾಶದ ಬೆಳಕು ಎಲ್ಲ ಗೋಡೆಯ ಮೇಲೆ ಕಲಸಿಹೋಗಿ ಗೋಡೆ ಬರಿದಾಗಿ ಬೆಳ್ಳಗೆ ಕಾಣುತ್ತದೆ. ಮಸೂರ ಮಾಡುವ ಕೆಲಸವೆಂದರೆ ಒಂದು ಚುಕ್ಕೆಯಿಂದ ಹೊರಟು ತನ್ನ ಮೈಮೇಲೆ ಬಿದ್ದ ಕಿರಣಗಳನ್ನೆಲ್ಲ ಮತ್ತೆ ಒಂದೇ ಚುಕ್ಕೆಗೆ ತಂದು ಸೇರಿಸುವುದು. ಮೇಲಿನಿಂದ ಬಂದದ್ದು ಮಸೂರದ ನಡುವೆ ಹಾದು ಕೆಳಕ್ಕೆ ಹೋಗುತ್ತದೆ, ಕೆಳಗಿನದು ಮೇಲಕ್ಕೆ. ಹಾಗಾಗಿ ಚಿತ್ರ ತಲೆಕೆಳಗು.

ಈಗ ಗಾಜಿನ ಅರ್ಧಭಾಗಕ್ಕೆ ಒಂದು ಕಾಗದ ಅಡ್ಡ ಹಿಡಿಯಿರಿ. ಮರ ಅರ್ಧವೇ ಕಾಣುತ್ತದೆ ಎಂದುಕೊಂಡಿರಾ? ಇಲ್ಲ. ಇಡೀ ಮರ ಕಾಣುತ್ತದೆ, ಬೆಳಕು ಮಾತ್ರ ಕಡಿಮೆಯಾಗುತ್ತದೆ. ಚಿತ್ರದ ಪ್ರತಿಯೊಂದು ಚುಕ್ಕೆಯನ್ನೂ ಇಡೀ ಮಸೂರ ಸೇರಿ ಕಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಇದನ್ನು ನೆನಪಿನಲ್ಲಿಡಿ, ಪೊರೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಕೊನೆಯದಾಗಿ, ರಾತ್ರಿ ಗೋಡೆಯ ಮುಂದೆ ಮೋಂಬತ್ತಿ ಹಚ್ಚಿ ನೋಡಿ. ಪ್ಲಸ್ 2ರ ಗಾಜಿನಿಂದ ಬತ್ತಿ 1 ಮೀಟರ್ ದೂರದಲ್ಲಿದ್ದರೆ ಅದರ ಚಿತ್ರ ಅರ್ಧ ಮೀಟರಿನಲ್ಲಿ ಮೂಡುವುದಿಲ್ಲ. ಗೋಡೆ 1 ಮೀಟರ್ ಹಿಂದೆ ಇರಬೇಕಾಗುತ್ತದೆ. ಹತ್ತಿರದ ವಸ್ತುವಿನ ಕಿರಣಗಳು ಹೆಚ್ಚು ಹರಡಿಕೊಂಡು ಬರುತ್ತವೆ. ಅವನ್ನು ಸೇರಿಸಲು ಮಸೂರಕ್ಕೆ ಹೆಚ್ಚು ಶ್ರಮ. ನಿಮ್ಮ ನಲವತ್ತರ ತೊಂದರೆಯ ಗುಟ್ಟೆಲ್ಲ ಈ ಮೋಂಬತ್ತಿಯಲ್ಲಿದೆ.

ಕಣ್ಣೊಳಗಿನ ಮಸೂರ

ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಮುಂದುಗಡೆ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲ ಕಾರ್ನಿಯಾ. ಅದರ ಹಿಂದೆ ಪಾಪೆ, ಪಾಪೆಯ ಹಿಂದೆ ಪೀನ ಮಸೂರ, ಹಿಂಬದಿಯ ಗೋಡೆಯಲ್ಲಿ ಅಕ್ಷಿಪಟ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಇದರಲ್ಲಿ ಹೆಚ್ಚಿನ ಪಾಲು, ಸುಮಾರು 43, ಕಾರ್ನಿಯಾದ್ದು. ಉಳಿದದ್ದು ಮಸೂರದ್ದು. ಹಾಗಾದರೆ ಮಸೂರ ಸಣ್ಣ ಪಾಲುದಾರನೇ ಎಂದು ಕೇಳಬಹುದು. ಪಾಲು ಸಣ್ಣದಾದರೂ ಕಾರ್ನಿಯಾಕ್ಕೆ ಬಾರದ ಒಂದು ವಿದ್ಯೆ ಅದಕ್ಕೆ ಗೊತ್ತು. ಅದು ತನ್ನ ಆಕಾರವನ್ನು ಬದಲಿಸಬಲ್ಲದು.

ಅಕ್ಷಿಪಟದ ಮೇಲೂ ಚಿತ್ರ ತಲೆಕೆಳಗಾಗಿಯೇ ಬೀಳುತ್ತದೆ. ಇದನ್ನು 1604ರಲ್ಲೇ ಖಗೋಳಜ್ಞ ಕೆಪ್ಲರ್ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ನಮಗೆ ಜಗತ್ತು ನೆಟ್ಟಗೆ ಕಾಣುವುದು ಮಿದುಳಿನಿಂದ. ಕಣ್ಣಿನ ನರ ಕಳಿಸಿದ ಸಂಕೇತಗಳಿಂದ ಅರ್ಥ ಕಟ್ಟುವುದು ಅದರ ಕೆಲಸ.

ಗೋಡೆಯ ಪ್ರಯೋಗದಲ್ಲಿ ಮೋಂಬತ್ತಿ ಹತ್ತಿರ ಬಂದಾಗ ಗೋಡೆಯನ್ನು ಹಿಂದಕ್ಕೆ ಸರಿಸಬೇಕಾಯಿತು. ಕಣ್ಣಿನಲ್ಲಿ ಅಕ್ಷಿಪಟವನ್ನು ಹಿಂದಕ್ಕೆ ಸರಿಸಲಾಗುವುದಿಲ್ಲ. ಆದ್ದರಿಂದ ಮಸೂರವೇ ಹೆಚ್ಚು ಉಬ್ಬಿ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ. ಮಸೂರದ ಸುತ್ತ ಬಳೆಯಾಕಾರದ ಒಂದು ಸ್ನಾಯುವಿದೆ. ಅದರಿಂದ ಹೊರಟ ನವಿರಾದ ಎಳೆಗಳು ಮಸೂರವನ್ನು ಸುತ್ತಲೂ ಎಳೆದು ಹಿಡಿದಿವೆ. ನೀವು ಹತ್ತಿರ ನೋಡಿದ ಕೂಡಲೇ ಸ್ನಾಯು ಸಂಕುಚಿಸಿ ಬಳೆ ಕಿರಿದಾಗುತ್ತದೆ, ಎಳೆಗಳು ಸಡಿಲವಾಗುತ್ತವೆ, ಮಸೂರ ತನ್ನ ಸ್ಥಿತಿಸ್ಥಾಪಕ ಗುಣದಿಂದ ದುಂಡಗಾಗುತ್ತದೆ. ದೂರ ನೋಡಿದರೆ ಮತ್ತೆ ಚಪ್ಪಟೆ. ಇದೆಲ್ಲ ರೆಪ್ಪೆ ಬಡಿದಷ್ಟು ಸಲೀಸಾಗಿ, ನಮ್ಮ ಅರಿವಿಗೇ ಬಾರದೆ ನಡೆಯುತ್ತದೆ.

ಹತ್ತು ವರ್ಷದ ಮಗುವಿನ ಮಸೂರ ಹೀಗೆ ಸುಮಾರು 14 ಡಯಾಪ್ಟರ್ ಹೆಚ್ಚುವರಿ ಶಕ್ತಿ ಕೊಡಬಲ್ಲದು. ಆದ್ದರಿಂದಲೇ ಮಕ್ಕಳು ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೂ ಓದಬಲ್ಲರು. ಆದರೆ ಮಸೂರ ಈರುಳ್ಳಿಯಂತೆ ಜೀವನಪೂರ್ತಿ ಪದರದ ಮೇಲೆ ಪದರ ಬೆಳೆಸಿಕೊಳ್ಳುತ್ತದೆ, ಹಳೆಯ ಪದರಗಳು ಒಳಗೇ ಒತ್ತಿಕೊಂಡು ಗಟ್ಟಿಯಾಗುತ್ತವೆ. ನಲವತ್ತರ ಹೊತ್ತಿಗೆ ಆ 14ರಲ್ಲಿ ಉಳಿಯುವುದು ನಾಲ್ಕೈದು ಮಾತ್ರ, ಅರವತ್ತರ ಹೊತ್ತಿಗೆ ಒಂದರ ಆಸುಪಾಸು. ಪತ್ರಿಕೆಯನ್ನು 33 ಸೆಂಟಿಮೀಟರ್ ದೂರದಲ್ಲಿ ಹಿಡಿದು ಓದಲು 3 ಡಯಾಪ್ಟರ್ ಬೇಕು. ಇರುವ ಬಂಡವಾಳವನ್ನೆಲ್ಲ ಪೂರ್ತಿ ಹಾಕಿ ಗಂಟೆಗಟ್ಟಲೆ ದುಡಿಯಲು ಯಾರಿಗೂ ಆಗದು. ಹಾಗಾಗಿ ಸಂಜೆಯ ವೇಳೆಗೆ ಹಣೆನೋವು, ಕಣ್ಣುರಿ, ಸಣ್ಣ ಅಕ್ಷರ ಕಲಸಿದಂತಾಗುವುದು ಶುರುವಾಗುತ್ತದೆ.

ಕೊರತೆ ಬಿದ್ದ ಶಕ್ತಿಯನ್ನು ಹೊರಗಿನಿಂದ ಒಂದು ಪೀನ ಮಸೂರದ ಮೂಲಕ ತುಂಬಿಕೊಡುವುದೇ ಚಾಳೀಸು ಕನ್ನಡಕದ ಕೆಲಸ. ಸಾಮಾನ್ಯವಾಗಿ ನಲವತ್ತರ ನಂತರ ಪ್ಲಸ್ 1ರಿಂದ ಆರಂಭವಾಗಿ, ಐವತ್ತಕ್ಕೆ ಪ್ಲಸ್ 2, ಅರವತ್ತಕ್ಕೆ ಪ್ಲಸ್ 2.5ರಿಂದ 3 ಆಗಿ ಅಲ್ಲಿಗೆ ನಿಲ್ಲುತ್ತದೆ. ಇಂತಹ ಕನ್ನಡಕ ಇಟಲಿಯಲ್ಲಿ 13ನೇ ಶತಮಾನದ ಕೊನೆಯಲ್ಲೇ ಬಳಕೆಗೆ ಬಂದಿತ್ತು. ಏಳುನೂರು ವರ್ಷ ಹಳೆಯ, ಪರೀಕ್ಷಿತ ಚಿಕಿತ್ಸೆ ಇದು.

ಟಾನಿಕ್ ಕುಡಿದ ಹೊಲಿಗೆಯಾಕೆ

ಹೀಗಿದ್ದರೂ ಕನ್ನಡಕ ಹಾಕಿಕೊಳ್ಳಲು ಎಷ್ಟೊಂದು ಹಿಂಜರಿಕೆ! ಬ್ಲೌಸು ಹೊಲಿದು ಸಂಸಾರ ಸಾಗಿಸುತ್ತಿದ್ದ ನಲವತ್ಮೂರರ ಒಬ್ಬಾಕೆ ನನ್ನ ಬಳಿ ಬಂದದ್ದು ತಲೆನೋವಿಗೆಂದು. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯಬೇಕಾಗಿತ್ತು. ಹೊಲಿಗೆ ಓರೆಯಾಗುತ್ತದೆಂದು ಗಿರಾಕಿಗಳು ಬೇರೆ ಕಡೆ ಹೋಗತೊಡಗಿದ್ದರು. 'ನರ ವೀಕಾಗಿದೆ' ಎಂದು ಯಾರೋ ಹೇಳಿದ್ದಕ್ಕೆ ಆರು ತಿಂಗಳಿಂದ ಟಾನಿಕ್ ಕುಡಿಯುತ್ತಿದ್ದರು. 'ಕನ್ನಡಕ ಹಾಕಿದ್ರೆ ಅಭ್ಯಾಸ ಆಗಿ ನಂಬರ್ ಜಾಸ್ತಿ ಆಗುತ್ತಂತಲ್ಲ ಡಾಕ್ಟ್ರೇ?' ಎಂಬುದು ಅವರ ಭಯ.

ನಾನು ಹೇಳಿದೆ: 'ನೋಡಮ್ಮ, ನೀವು ಹಾಕಿದರೂ ಹಾಕದಿದ್ದರೂ ಒಳಗಿನ ಮಸೂರ ಗಟ್ಟಿಯಾಗುವುದು ನಿಲ್ಲುವುದಿಲ್ಲ. ನಂಬರ್ ಹೆಚ್ಚುವುದು ವಯಸ್ಸಿನಿಂದ, ಕನ್ನಡಕದಿಂದ ಅಲ್ಲ.' ಟಾನಿಕ್ಕಾಗಲಿ, ಕ್ಯಾರೆಟ್ಟಾಗಲಿ, ಕಣ್ಣಿನ ವ್ಯಾಯಾಮವಾಗಲಿ ಗಟ್ಟಿಯಾದ ಮಸೂರವನ್ನು ಮತ್ತೆ ಮೆತ್ತಗಾಗಿಸುವುದಿಲ್ಲ. ಕನ್ನಡಕ ಬಂದ ವಾರಕ್ಕೇ ಆಕೆಯ ತಲೆನೋವು ಹೋಯಿತು. ಗಿರಾಕಿಗಳು ಮರಳಲು ಮಾತ್ರ ಒಂದು ದೀಪಾವಳಿ ಕಾಯಬೇಕಾಯಿತು.

ಜಾತ್ರೆಯಲ್ಲೋ ಫುಟ್‌ಪಾತಿನಲ್ಲೋ ಸಿಗುವ ಸಿದ್ಧ ಕನ್ನಡಕ ಕೊಂಡರೆ ಕಣ್ಣು ಹಾಳಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕಣ್ಣು ಹಾಳಾಗದು. ಆದರೆ ಅದರ ಎರಡು ಗಾಜುಗಳೂ ಒಂದೇ ನಂಬರಿನವು, ನಿಮ್ಮ ಎರಡು ಕಣ್ಣು ಒಂದೇ ತರಹ ಇರಬೇಕೆಂದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಕಣ್ಣಿನ ಪರೀಕ್ಷೆ ತಪ್ಪಿಹೋಗುವುದು. ಗ್ಲಾಕೋಮಾ ಎಂಬ ರೋಗ ಬಹಳ ಮಂದಿಯಲ್ಲಿ ನೋವಿಲ್ಲದೆ, ಸದ್ದಿಲ್ಲದೆ ಕಣ್ಣಿನ ನರವನ್ನು ಸವೆಸುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ಚಾಳೀಸಿಗೆಂದು ಹೋದಾಗ ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷಿಸಿಕೊಂಡರೆ ಅದು ಬೇಗ ಸಿಕ್ಕಿಬೀಳುತ್ತದೆ.

ನಂಬರ್ ಪದೇಪದೇ ಬದಲಾಗುತ್ತಿದೆಯೇ?

ಇದು ನನ್ನಂತಹ ಸಾಮಾನ್ಯ ವೈದ್ಯರ ಪಾಲಿಗೆ ಬಹು ಮುಖ್ಯವಾದ ಸುಳಿವು. ರಕ್ತದಲ್ಲಿ ಸಕ್ಕರೆ ಏರುಪೇರಾದಾಗ ಮಸೂರದೊಳಗಿನ ನೀರಿನಂಶ ಬದಲಾಗಿ ಅದರ ಶಕ್ತಿಯೂ ಬದಲಾಗುತ್ತದೆ. ಹೋದ ತಿಂಗಳು ಮಾಡಿಸಿದ ಕನ್ನಡಕ ಈ ತಿಂಗಳು ಸರಿಹೋಗುವುದಿಲ್ಲ. ಅಂಗಡಿಯವನನ್ನು ಬೈಯುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿ ಚಿಕಿತ್ಸೆ ಆರಂಭಿಸಿದವರೂ ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಕಳೆಯುವವರೆಗೆ ಹೊಸ ಕನ್ನಡಕಕ್ಕೆ ಹಣ ಹಾಕಬೇಡಿ. ಆದರೆ ಅಕ್ಷಿಪಟದ ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ. ಅದನ್ನು ಪ್ರತಿ ವರ್ಷವೂ ಮಾಡಿಸಬೇಕು.

ಕನ್ನಡಕ ಬಿಟ್ಟ ತಾತ

ಅರವತ್ತೆಂಟರ ಹಿರಿಯರೊಬ್ಬರು ಬಿ.ಪಿ. ತೋರಿಸಲು ಬಂದಿದ್ದರು. ಇಪ್ಪತ್ತು ವರ್ಷ ಮೂಗಿನ ಮೇಲಿದ್ದ ಕನ್ನಡಕ ಕಾಣಲಿಲ್ಲ. 'ಡಾಕ್ಟ್ರೇ, ದೇವರು ಕಣ್ಣು ವಾಪಸ್ ಕೊಟ್ಟಿದ್ದಾನೆ. ಈಗ ಪಂಚಾಂಗ ಕೂಡ ಹಾಗೇ ಓದ್ತೀನಿ' ಎಂದರು ಸಂಭ್ರಮದಿಂದ. ಮನೆಯವರಿಗೂ ಸಂತೋಷ. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನ ದಿನಾಂಕ ಓದಿ ಎಂದೆ. ಅವರಿಗೆ ಆಗಲಿಲ್ಲ.

ಇದರಲ್ಲಿ ಪವಾಡವೇನಿಲ್ಲ. ಪೊರೆ ಬರುವಾಗ ಕೆಲವರಲ್ಲಿ ಮಸೂರದ ನಡುಭಾಗ ಇನ್ನಷ್ಟು ಸಾಂದ್ರವಾಗಿ ಬೆಳಕನ್ನು ಹೆಚ್ಚು ಬಾಗಿಸತೊಡಗುತ್ತದೆ. ಒಳಗೇ ಒಂದು ಪ್ಲಸ್ ಕನ್ನಡಕ ಹಾಕಿದಂತಾಗಿ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಕೆಲವು ತಿಂಗಳ ನಂತರ ಎರಡೂ ಮಸುಕು. ಆದ್ದರಿಂದ ಮನೆಯ ಹಿರಿಯರು ಇದ್ದಕ್ಕಿದ್ದಂತೆ ಕನ್ನಡಕ ಬಿಟ್ಟು ಓದತೊಡಗಿದರೆ ಸಂತೋಷಪಡಿ, ಆದರೆ ನೇತ್ರತಜ್ಞರಲ್ಲಿಗೂ ಕರೆದುಕೊಂಡು ಹೋಗಿ.

ಪೊರೆಯ ಇನ್ನೊಂದು ಲಕ್ಷಣವನ್ನು ನಮ್ಮ ಅರ್ಧ ಗಾಜಿನ ಪ್ರಯೋಗ ವಿವರಿಸುತ್ತದೆ. ಮಸೂರದಲ್ಲಿ ಸಣ್ಣ ಬಿಳಿ ಕಲೆ ಇದ್ದರೆ ನೋಟದಲ್ಲಿ ಕಪ್ಪು ಚುಕ್ಕೆ ಕಾಣುವುದಿಲ್ಲ, ಇಡೀ ನೋಟವೇ ಸ್ವಲ್ಪ ಮಸುಕಾಗುತ್ತದೆ. ಕಲೆಗೆ ತಾಗಿದ ಬೆಳಕು ಚದುರಿ ಎಲ್ಲೆಡೆ ಹರಡುತ್ತದೆ. ರಾತ್ರಿ ಎದುರಿನ ಲಾರಿಯ ದೀಪ ಕಣ್ಣು ಕುಕ್ಕಿ ರಸ್ತೆಯೇ ಕಾಣದಂತಾಗುವುದು ಇದರಿಂದಲೇ. 'ಹಗಲು ಸರಿಯಾಗಿದೆ, ರಾತ್ರಿ ಸ್ಕೂಟರ್ ಓಡಿಸಲು ಮಾತ್ರ ಭಯ' ಎನ್ನುವ ಹಿರಿಯರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಪೊರೆ ಕರಗಿಸುವ ಹನಿ ಔಷಧಿ ಇಲ್ಲ. ಜೇನುತುಪ್ಪ, ಎಲೆಯ ರಸ ಮುಂತಾದವನ್ನು ಕಣ್ಣಿಗೆ ಬಿಟ್ಟುಕೊಂಡು ಕಾರ್ನಿಯಾ ಹುಣ್ಣಾದರೆ ಇರುವ ದೃಷ್ಟಿಯೂ ಹೋದೀತು. ಶಸ್ತ್ರಚಿಕಿತ್ಸೆಯೊಂದೇ ದಾರಿ. ಪೊರೆ ಬಲಿಯುವವರೆಗೆ ಕಾಯಬೇಕೆಂಬ ಕಾಲ ಹೋಯಿತು. ದಿನದ ಕೆಲಸಕ್ಕೆ ಅಡ್ಡಿಯಾದಾಗ ತೆಗೆಸಬಹುದು. ತೀರಾ ಬಲಿತರೆ ತೊಡಕು ಹೆಚ್ಚು.

ಹಿಂದೆ ಪೊರೆ ಬಂದ ಮಸೂರ ತೆಗೆದು ಅಷ್ಟಕ್ಕೇ ಬಿಡುತ್ತಿದ್ದರು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನಡೆಸಿದ ನೇತ್ರ ಶಿಬಿರಗಳು ಹಳೆಯ ತಲೆಮಾರಿಗೆ ನೆನಪಿರಬಹುದು. ಆ ಕಾಲದಲ್ಲಿ ಆಪರೇಷನ್ ಆದ ಅಜ್ಜ ಅಜ್ಜಿಯರು ಸೋಡಾ ಬಾಟಲಿಯ ತಳದಂತಹ ದಪ್ಪ ಕನ್ನಡಕ ಹಾಕುತ್ತಿದ್ದರು. ಒಳಗಿನ ಮಸೂರ ಹೋದದ್ದಕ್ಕೆ ಬದಲಾಗಿ ಸುಮಾರು ಪ್ಲಸ್ 10ರ ಗಾಜು ಹೊರಗೆ ಬೇಕಾಗುತ್ತಿತ್ತು. ಅದರಲ್ಲಿ ಎಲ್ಲವೂ ಕಾಲುಪಾಲಿಗಿಂತಲೂ ದೊಡ್ಡದಾಗಿ ಕಾಣುತ್ತಿತ್ತು. ಲೋಟ ಹಿಡಿಯಲು ಹೋದರೆ ಕೈ ತಪ್ಪುತ್ತಿತ್ತು, ಕನ್ನಡಕ ಒಡೆದರೆ ಮನೆಯೇ ಕತ್ತಲು.

ಇದಕ್ಕೆ ಪರಿಹಾರ ಕಂಡದ್ದು ಲಂಡನ್ನಿನ ನೇತ್ರತಜ್ಞ ಹೆರಾಲ್ಡ್ ರಿಡ್ಲಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮೇಲ್ಹೊದಿಕೆಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಪುಟ್ಟ ಪೀನ ಮಸೂರ ಮಾಡಿಸಿ 1949ರಲ್ಲಿ ಮೊದಲ ಬಾರಿಗೆ ಕಣ್ಣೊಳಗೆ ಕೂರಿಸಿದರು. ಆ ಮಸೂರಗಳನ್ನು 1992ರಿಂದ ಮದುರೆಯ ಅರೊಲ್ಯಾಬ್ ನಮ್ಮಲ್ಲೇ ತಯಾರಿಸಲು ಆರಂಭಿಸಿದ ಮೇಲೆ ಬಡವರಿಗೂ ಅವು ಎಟುಕುವಂತಾದವು. ಈಗ ಮಡಚಿದ ಮಸೂರವನ್ನು ಎರಡು ಮೂರು ಮಿಲಿಮೀಟರಿನ ರಂಧ್ರದ ಮೂಲಕ ಸೇರಿಸುತ್ತಾರೆ. ಸಾಮಾನ್ಯ ಬಗೆಯ ಕೃತಕ ಮಸೂರಕ್ಕೆ ಉಬ್ಬಲು ಬಾರದು. ಆದ್ದರಿಂದ ಆಪರೇಷನ್ ನಂತರವೂ ಓದಲು ಕನ್ನಡಕ ಬೇಕಾದರೆ ಆಪರೇಷನ್ ಕೆಟ್ಟಿತೆಂದು ತಿಳಿಯಬೇಡಿ. ನಮ್ಮ ತಾತ ಈಗ ಕ್ಯಾಲೆಂಡರನ್ನು ಹಾಗೇ ಓದುತ್ತಾರೆ, ಪಂಚಾಂಗಕ್ಕೆ ಮತ್ತೆ ಕನ್ನಡಕ.

ಅದೃಷ್ಟದ ಕಣ್ಣಲ್ಲ

ಕೊನೆಯದಾಗಿ ಮಕ್ಕಳ ಮಾತು. ಇದರಲ್ಲಿ ತಡಮಾಡಿದರೆ ತಿದ್ದುವುದು ಕಷ್ಟ. ಕೆಲವು ಮಕ್ಕಳ ಕಣ್ಣುಗುಡ್ಡೆ ಗಿಡ್ಡವಾಗಿರುತ್ತದೆ. ಚಿತ್ರ ಅಕ್ಷಿಪಟದ ಹಿಂದೆ ಬೀಳುವಂತಿರುತ್ತದೆ. ಮಗು ತನ್ನ ಎಳೆಯ ಮಸೂರವನ್ನು ಸದಾ ಉಬ್ಬಿಸಿಕೊಂಡು ಅದನ್ನು ಸರಿದೂಗಿಸುತ್ತದೆ. ಆದರೆ ಮಸೂರ ಉಬ್ಬಿಸುವುದಕ್ಕೂ ಎರಡು ಕಣ್ಣುಗಳು ಮೂಗಿನ ಕಡೆ ತಿರುಗುವುದಕ್ಕೂ ನಂಟಿದೆ. ಹತ್ತಿರ ನೋಡುವಾಗಷ್ಟೇ ಆಗಬೇಕಾದದ್ದು ಸದಾ ಆಗತೊಡಗಿ, ಎರಡು ಮೂರು ವರ್ಷದ ಹೊತ್ತಿಗೆ ಒಂದು ಕಣ್ಣು ಒಳಕ್ಕೆ ಹೊರಳುತ್ತದೆ. ಅದೇ ಮಾಲುಗಣ್ಣು.

'ಮಾಲುಗಣ್ಣು ಅದೃಷ್ಟ, ದೊಡ್ಡವಳಾದ ಮೇಲೆ ತಾನೇ ಸರಿಹೋಗುತ್ತದೆ' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಆದರೆ ಹೊರಳಿದ ಕಣ್ಣಿನ ಚಿತ್ರವನ್ನು ಮಿದುಳು ಬದಿಗೊತ್ತಿಬಿಡುತ್ತದೆ. ಬಳಸದ ಆ ಕಣ್ಣು ಸೋಮಾರಿಯಾಗಿ ಉಳಿಯುತ್ತದೆ, ಮುಂದೆ ಯಾವ ಕನ್ನಡಕ ಹಾಕಿದರೂ ಪೂರ್ತಿ ಕಾಣುವುದಿಲ್ಲ. ಏಳೆಂಟು ವರ್ಷದೊಳಗೆ ಚಿಕಿತ್ಸೆಯಾದರೆ ಫಲ ಚೆನ್ನಾಗಿರುತ್ತದೆ. ಈ ಬಗೆಯ ಮಾಲುಗಣ್ಣಿಗೆ ಬಹಳಷ್ಟು ಸಲ ಪೀನ ಮಸೂರದ ಕನ್ನಡಕವೇ ಮದ್ದು. ಉಬ್ಬುವ ಶ್ರಮ ತಪ್ಪಿದ ಕೂಡಲೇ ಕಣ್ಣು ನೆಟ್ಟಗಾಗುತ್ತದೆ. ಕೆಲವರಿಗೆ ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಹಾಕಿ ಸೋಮಾರಿ ಕಣ್ಣನ್ನು ದುಡಿಸಬೇಕಾಗುತ್ತದೆ, ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮಕ್ಕಳ ಪರೀಕ್ಷೆಗೆ ಮುನ್ನ ಕಣ್ಣಿಗೆ ಹನಿ ಹಾಕುವುದು ಉಬ್ಬುವ ಮಸೂರವನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಿ ನಿಜವಾದ ನಂಬರ್ ಕಂಡುಹಿಡಿಯಲು. ಹೆದರಬೇಕಾದ್ದಿಲ್ಲ.

ಹೆಣ್ಣುಮಗುವಿಗೆ ಕನ್ನಡಕ ಬೇಡ, ಮುಂದೆ ಮದುವೆಗೆ ತೊಂದರೆ ಎಂದು ಚೀಟಿಯನ್ನು ಮಡಚಿಟ್ಟುಕೊಂಡು ಹೋದ ತಂದೆ ತಾಯಿಯರನ್ನು ನಾನು ಕಂಡಿದ್ದೇನೆ. ಅವರು ಮಡಚಿಟ್ಟದ್ದು ಆ ಮಗುವಿನ ಒಂದು ಕಣ್ಣನ್ನು.

ಭೂತಗನ್ನಡಿಯಿಂದ ಒಂದು ಎಚ್ಚರಿಕೆ

ಭೂತಗನ್ನಡಿಯಿಂದ ಬಿಸಿಲು ಹಿಡಿದು ಕಾಗದ ಸುಡುವ ಆಟ ಮಕ್ಕಳಿಗೆಲ್ಲ ಗೊತ್ತು. ಸೂರ್ಯನನ್ನು ನೇರವಾಗಿ ನೋಡಿದಾಗ ನಿಮ್ಮ ಕಣ್ಣಿನ ಮಸೂರ ಅಕ್ಷಿಪಟದ ಮೇಲೆ ಸೂರ್ಯನ ಬೆಳಕನ್ನು ಹೀಗೆಯೇ ಒಂದೆಡೆ ಕೂಡಿಸುತ್ತದೆ. ಅಕ್ಷಿಪಟಕ್ಕೆ ನೋವು ಗೊತ್ತಾಗದು. ಆದ್ದರಿಂದ ಹಾನಿಯಾಗುವಾಗ ತಿಳಿಯುವುದೂ ಇಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಸೂರ್ಯಗ್ರಹಣ ಕಂಡದ್ದು ನೆನಪಿರಬಹುದು. ಅಂತಹ ಹೊತ್ತಿನಲ್ಲಿ ಹಳೆಯ ಎಕ್ಸ್‌ರೇ ಹಾಳೆ, ತಂಪು ಕನ್ನಡಕ ನಂಬಬೇಡಿ. ಮಸೂರದಿಂದಾಗಲಿ, ದುರ್ಬೀನಿನಿಂದಾಗಲಿ ಸೂರ್ಯನನ್ನು ಎಂದೂ ನೋಡಬಾರದು. ಭೂತಗನ್ನಡಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಬಿಡಬೇಡಿ, ಪರದೆಗೆ ಬೆಂಕಿ ಹತ್ತೀತು.

ಇಷ್ಟು ನೆನಪಿಡಿ

ನಲವತ್ತು ತುಂಬಿದವರು ತೊಂದರೆಯಿರಲಿ ಇಲ್ಲದಿರಲಿ ಒಮ್ಮೆ ಕಣ್ಣಿನ ಪೂರ್ಣ ಪರೀಕ್ಷೆ ಮಾಡಿಸಿ, ಆಮೇಲೆ ಒಂದೆರಡು ವರ್ಷಕ್ಕೊಮ್ಮೆ. ಔಷಧಿಯ ಚೀಟಿಯನ್ನು ಕನ್ನಡಕವಿಲ್ಲದೆ ಅಂದಾಜಿನಲ್ಲಿ ಓದಬೇಡಿ. ನಂಬರ್ ಬೇಗಬೇಗ ಬದಲಾದರೆ ಸಕ್ಕರೆ ನೋಡಿಸಿ. ಮಗುವಿನ ಕಣ್ಣು ಹೊರಳಿದರೆ ಶಾಲೆಗೆ ಸೇರುವವರೆಗೆ ಕಾಯಬೇಡಿ. ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಉಂಗುರ ಕಂಡರೆ, ಇಲ್ಲವೇ ದೃಷ್ಟಿ ಇದ್ದಕ್ಕಿದ್ದಂತೆ ಕುಗ್ಗಿದರೆ ಅದು ಕನ್ನಡಕದ ವಿಷಯವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ.

ನನ್ನ ಪ್ಲಸ್ 1.25 ಈಗ ಸ್ಟೆತಾಸ್ಕೋಪಿನ ಪಕ್ಕದಲ್ಲೇ ಇರುತ್ತದೆ. ಸಿರಪ್ಪಿನ ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ಅದು ಮೂಗಿನ ಮೇಲೇರುತ್ತದೆ. ಕಾಂಪೌಂಡರ್ ಹುಡುಗ ಮುಸಿಮುಸಿ ನಗುತ್ತಾನೆ. ನಗಲಿ. ಅವನಿಗೂ ಒಂದು ದಿನ ನಲವತ್ತಾಗುತ್ತದೆ.